ಮಾತಾಡದ ಅಕ್ಕಾರು

ಕಲಬುರಗಿಯಂಥ ಊರಿನಲ್ಲಿ ಮನೆಯ ಮುಂದಿನ ಕೋಣೆಯನ್ನೇ ಹೊಲಿಗೆ ಅಂಗಡಿ ಮಾಡಿಕೊಂಡವರಿಗೆ ಬಟ್ಟೆ ತೊಡಿಸಿ ನಿಲ್ಲಿಸುವ ಆಳೆತ್ತರದ ಹೊಸ ಬೊಂಬೆ ಕೊಳ್ಳುವುದು ದುಬಾರಿ ಬಾಬತ್ತು. ಆದ್ದರಿಂದ ಸೂಪರ್ ಮಾರ್ಕೆಟ್ ಕಡೆಯ ಬಟ್ಟೆ ಅಂಗಡಿಯೊಂದು ಬಾಗಿಲು ಮುಚ್ಚುವಾಗ ಮಾರಿದ ಎರಡು ಹಳೆಯ ಹೆಣ್ಣು ಬೊಂಬೆಗಳನ್ನು ನನ್ನ ಹೆಂಡತಿ ಚೌಕಾಸಿ ಮಾಡಿ ತಂದಳು. ಒಂದು ಫೈಬರಿನದು, ಇನ್ನೊಂದು ತೆಳು ಪ್ಲಾಸ್ಟಿಕ್ಕಿನದು. ಫೈಬರಿನದು ಸೊಂಟದಲ್ಲಿ ಎರಡು ತುಂಡಾಗಿ ಬಿಚ್ಚಿಕೊಳ್ಳುತ್ತದೆ. ಆಟೋದಲ್ಲಿ ಅದರ ಮೇಲಿನರ್ಧ ಇವಳ ತೊಡೆಯ ಮೇಲೆ ಕುಳಿತಿತ್ತು, ಕೆಳಗಿನರ್ಧ ಕಾಲುಗಳನ್ನು ರಸ್ತೆಗೆ ಚಾಚಿತ್ತು. ಜಗತ್ ವೃತ್ತದಲ್ಲಿ ಆ ಕಾಲುಗಳನ್ನು ಕಂಡ ಬೈಕಿನವನೊಬ್ಬ ಹಸಿರು ದೀಪ ಬಂದರೂ ಗಾಡಿ ಬಿಡಲಿಲ್ಲವಂತೆ.

ನಿಜವಾದ ಪಜೀತಿ ಶುರುವಾದದ್ದು ನಮ್ಮ ತಾಯಿಯ ಕಟ್ಟಪ್ಪಣೆಯಿಂದ. "ಹೆಣ್ಣಿನ ರೂಪ ಅದ, ಬರೀ ಮೈಲೆ ನಿಂದ್ರಸಬ್ಯಾಡ್ರಿ" ಎಂದು ಅವರು ಹೇಳಿದ ಮೇಲೆ ಫೈಬರಿನ ಬೊಂಬೆಗೆ ಹಗಲೂ ರಾತ್ರಿ ಇಳಕಲ್ ಸೀರೆಯೇ ಗತಿಯಾಯಿತು. ಹಣೆಗೆ ಕುಂಕುಮ ಯಾರು ಇಟ್ಟರೋ ತಿಳಿಯದು. ಹಳೆಯ ಮಾಲಾದ್ದರಿಂದ ಕಾಲಡಿಯ ಗಾಜಿನ ಪೀಠ ಅದರೊಂದಿಗೆ ಬಂದಿರಲಿಲ್ಲ. ಹೀಗಾಗಿ ಅದು ಬಾಗಿಲ ಮಗ್ಗುಲಿನ ಗೋಡೆಗೆ ಒರಗಿ, ಸೆರಗು ಹೊದ್ದು, ಬಂದವರನ್ನೆಲ್ಲ ಎದುರುಗೊಳ್ಳತೊಡಗಿತು. ಕೊರಿಯರ್ ಹುಡುಗ ಅದರ ಮುಂದೆ ಸಹಿಗಾಗಿ ಪೆನ್ನು ಹಿಡಿದು ನಿಂತದ್ದನ್ನು ನಾನೇ ನೋಡಿದ್ದೇನೆ.

ಶರಣಬಸವೇಶ್ವರ ಜಾತ್ರೆಗೆಂದು ಆಳಂದದ ಕಡೆಯಿಂದ ನಮ್ಮ ದೊಡ್ಡಪ್ಪ ಬಂದಾಗ ರಾತ್ರಿಯಾಗಿತ್ತು, ಕರೆಂಟೂ ಹೋಗಿತ್ತು. "ಶರಣ್ರೀ ಅಕ್ಕಾರ, ಆರಾಮ ಇದ್ದೀರೇನ್ರಿ?" ಎಂದು ಅವರು ಕೈಮುಗಿದರು. ಉತ್ತರ ಬಾರದಿದ್ದಾಗ ದನಿ ಏರಿಸಿ, ಮಳೆ ಬೆಳೆ ವಿಚಾರಿಸಿ, ಕೊನೆಗೆ ಮುಖ ಗಂಟಿಕ್ಕಿಕೊಂಡೇ ಒಳಗೆ ಬಂದರು. ಊಟಕ್ಕೆ ಕುಳಿತಾಗ ಜೋಳದ ರೊಟ್ಟಿ ಮುರಿಯುತ್ತಾ, "ಯಾರದು ಆ ಬೀಗತಿ? ಭಾಳ ಸೊಕ್ಕ ಅದ" ಎಂದರು. ನಾವು ಬಿಡಿಸಿ ಹೇಳುವಷ್ಟರಲ್ಲಿ ಮಾತು ತೊಗರಿಯ ಧಾರಣೆಯ ಕಡೆಗೆ ಹೊರಳಿತ್ತು. ಬೆಳಿಗ್ಗೆ ಅವರು ಬಸಿಯಲ್ಲಿ ಚಹಾ ಹುಯ್ದುಕೊಂಡು ಕುಳಿತಿದ್ದಾಗ ನನ್ನ ಹೆಂಡತಿ ಬೊಂಬೆಗೆ ರವಿಕೆ ತೊಡಿಸಲು ಹೋದಳು. ತೋಳು ಕಳಚದೆ ಬೊಂಬೆಗೆ ರವಿಕೆ ಏರುವುದಿಲ್ಲ. ನಮ್ಮದರ ಭುಜದ ಕೊಂಡಿಯೋ ಸವೆದು ಹೋಗಿದೆ. ತಿರುಗಿಸುವ ಮೊದಲೇ ತೋಳು ಜಾರಿ, ಉಗುರು ಬಣ್ಣದ ಐದು ಬೆರಳುಗಳ ಸಮೇತ ದೊಡ್ಡಪ್ಪನ ಪಾದದ ಬಳಿ ಬಂದು ಬಿತ್ತು. "ಯಪ್ಪಾ ಶರಣಾ!" ಎಂದವರು ಬಸಿ ಕೈಬಿಟ್ಟರು. ವಿಷಯ ತಿಳಿದ ಮೇಲೂ ಅವರು ಆ ಬಾಗಿಲು ದಾಟುವಾಗ ಬೊಂಬೆಗೆ ಅರ್ಧ ಕೈ ಮುಗಿಯುವುದನ್ನು ಬಿಡಲಿಲ್ಲ. ಆ ಮಟ್ಟದ ಮರ್ಯಾದೆ ಮನೆಯ ಯಜಮಾನನಾದ ನನಗೆ ಇದುವರೆಗೆ ದೊರೆತಿಲ್ಲ.

ಪ್ಲಾಸ್ಟಿಕ್ಕಿನದರ ಕಥೆ ಬೇರೆ. ಜಾಗ ಸಾಲದೆಂದು ಅದನ್ನು ಮಾಳಿಗೆಯ ತಗಡಿನ ಕೋಣೆಯಲ್ಲಿ ಮಲಗಿಸಿ, ಮೇಲೆ ಬಟ್ಟೆ ಗಂಟು ಒಟ್ಟಿದ್ದೆವು. ಇಲ್ಲಿ ಮೇ ತಿಂಗಳಲ್ಲಿ ಬಿಸಿಲು 43 ಡಿಗ್ರಿ ದಾಟುವುದುಂಟು, ತಗಡಿನ ಕೆಳಗಿನ ಕಾವಂತೂ ಕೇಳುವುದೇ ಬೇಡ. ಇಳಿಸಿ ನೋಡಿದಾಗ ಅದರ ಸಣ್ಣ ನಡು ಚಪ್ಪಟೆಯಾಗಿ, ಎರಡೂ ಪಕ್ಕಕ್ಕೆ ಧಾರಾಳವಾಗಿ ಹರಡಿಕೊಂಡಿತ್ತು. ಈಗ ಅಂಗಡಿಗೆ ಬರುವ ಹೆಂಗಸರು ಫೈಬರಿನ ಸುಂದರಿಯ ಕಡೆ ತಿರುಗಿಯೂ ನೋಡುವುದಿಲ್ಲ. "ಇದು ನಮ್ಮಂಗ ಅದ ನೋಡ್ರಿ, ಇದರ ಅಳತಿಗೇ ಹೊಲೀರಿ" ಎನ್ನುತ್ತಾರೆ.