ಟ್ರೇಲರ್‌ಗೂ ಬ್ರೇಕ್ ಬೇಕು ಕಣ್ರೀ

ಕಬ್ಬಿನ ಸೀಸನ್ ಶುರುವಾದರೆ ದಾವಣಗೆರೆ ಸುತ್ತಮುತ್ತ ರಾತ್ರಿ ಗಾಡಿ ಓಡಿಸುವವರಿಗೆ ಮುಂದೆ ಟ್ರ್ಯಾಕ್ಟರ್ ಸಿಗುತ್ತೇನೋ ಅನ್ನೋ ಭಯ. ಹಿಂದೆ ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ ಅಂತ ಎಲ್ಲರೂ ಬೈಯುತ್ತೇವೆ. ಆಗಾಗ ಯಾರಾದರೂ ರೇಡಿಯಂ ಸ್ಟಿಕ್ಕರ್ ಅಂಟಿಸುತ್ತಾರೆ, ಪೇಪರಿನಲ್ಲಿ ಫೋಟೋ ಬರುತ್ತದೆ. ಒಳ್ಳೆಯದೇ. ಆದರೆ ಆ ಟ್ರೇಲರ್‌ಗೆ ಬ್ರೇಕ್ ಇದೆಯಾ ಅಂತ ಕೇಳಿದವರನ್ನು ನಾನಂತೂ ನೋಡಿಲ್ಲ.

ಈ ವಿಷಯ ತಲೆಗೆ ಹತ್ತಿದ್ದು ಅಮೆರಿಕದಲ್ಲಿರುವ ನನ್ನ ಬಾಮೈದನಿಂದ. ನನ್ನದು ಇಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ, ಹಾಗಾಗಿ ಮನೆಯವರಲ್ಲಿ ಯಾರಿಗೆ ಗಾಡಿ ವಿಷಯ ಬಂದರೂ ಫೋನ್ ನನಗೇ. ಅವನು ಹಳೆಯ ಮೋಟರ್‌ಹೋಮ್ ತಗೊಂಡಿದ್ದಾನೆ. ಅಡುಗೆಮನೆ, ಹಾಸಿಗೆ, ಬಾತ್‌ರೂಮ್ ಎಲ್ಲ ಇರುವ ಬಸ್ಸು ಅಂದುಕೊಳ್ಳಿ. ಅಂಥದ್ದನ್ನು ತಗೊಂಡು ಪೇಟೆಯೊಳಗೆ ಹಾಲು ತರೋಕೆ ಹೋಗೋಕಾಗಲ್ಲ. ಅದಕ್ಕೆ ಅಲ್ಲಿನವರು ಒಂದು ಕಾರನ್ನು ಕಬ್ಬಿಣದ ಬಾರ್ ಹಾಕಿ ಹಿಂದೆ ಕಟ್ಟಿಕೊಳ್ಳುತ್ತಾರೆ. ಕಾರಿನ ನಾಲ್ಕೂ ಚಕ್ರ ರಸ್ತೆ ಮೇಲೆ ಉರುಳುತ್ತಾ ಬರುತ್ತವೆ. ಒಳಗೆ ಯಾರೂ ಇರಲ್ಲ, ಇಂಜಿನ್ ಆಫ್.

"ಭಾವ, ಇಷ್ಟು ದೊಡ್ಡ ಗಾಡಿಗೆ ಆ ಕಾರು ಒಂದು ಲೆಕ್ಕನಾ? ಅದಕ್ಕೂ ಬೇರೆ ಬ್ರೇಕ್ ಸಿಸ್ಟಮ್ ಹಾಕಿಸು ಅಂತಾರೆ. ಸಾವಿರ ಡಾಲರ್ ಮೇಲಾಗುತ್ತೆ. ಸುಮ್ನೆ ದಂಡ ಅಲ್ವಾ?" ಅಂತ ಕೇಳಿದ.

ದಂಡ ಅಲ್ಲ ಅಂದೆ. ಯಾಕೆ ಅಂತ ಹೇಳೋಕೆ ನಾನೂ ಸ್ವಲ್ಪ ಓದಬೇಕಾಯಿತು.

ದೊಡ್ಡ ಮೋಟರ್‌ಹೋಮ್ ಎಂಟು ಹತ್ತು ಟನ್ ತೂಗುತ್ತದೆ. ಹಿಂದಿನ ಕಾರು ಒಂದೂವರೆ ಟನ್ನಿಂದ ಎರಡು ಟನ್. ಸಮತಟ್ಟಾದ ರಸ್ತೆಯಲ್ಲಿ ನಿಧಾನಕ್ಕೆ ಹೋಗುವಾಗ ವ್ಯತ್ಯಾಸ ಗೊತ್ತಾಗಲ್ಲ. ಇಳಿಜಾರಿನಲ್ಲಿ, ಇಲ್ಲವೇ ಮುಂದಿನವನು ಗಕ್ಕನೆ ನಿಲ್ಲಿಸಿದಾಗ ಗೊತ್ತಾಗುತ್ತದೆ. ವೇಗ ಎರಡರಷ್ಟಾದರೆ ನಿಲ್ಲಿಸಬೇಕಾದ ಶಕ್ತಿ ನಾಲ್ಕರಷ್ಟಾಗುತ್ತದೆ. ಆ ಶಕ್ತಿಯೆಲ್ಲ ಬಿಸಿಯಾಗಿ ಮುಂದಿನ ಗಾಡಿಯ ಬ್ರೇಕಿನಲ್ಲೇ ಕೂರುತ್ತದೆ. ಬ್ರೇಕ್ ವಿಪರೀತ ಕಾದರೆ ಹಿಡಿಯಲ್ಲ, ಅದು ಎಲ್ಲ ಡ್ರೈವರ್‌ಗಳಿಗೂ ಗೊತ್ತು.

ಸರಿ, ಕಾರಿಗೆ ಅದರದ್ದೇ ಬ್ರೇಕ್ ಇದೆಯಲ್ಲ, ಅದನ್ನು ಒತ್ತಿದರಾಯಿತು. ಒತ್ತೋದು ಯಾರು? ಅದಕ್ಕೇ ಬಾಮೈದ ಹೇಳಿದ ಆ ಬೇರೆ ಬ್ರೇಕ್ ಸಿಸ್ಟಮ್. ನೋಡೋಕೆ ಒಂದು ಪೆಟ್ಟಿಗೆ. ಡ್ರೈವರ್ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ ಕೂರುತ್ತದೆ. ಹಿಂಭಾಗ ಸೀಟಿಗೆ ಒರಗಿರುತ್ತದೆ, ಮುಂದೆ ಒಂದು ಕೈ ಚಾಚಿ ಬ್ರೇಕ್ ಪೆಡಲ್ ಹಿಡಿದಿರುತ್ತದೆ. ವೇಗ ಕಮ್ಮಿಯಾಗುವುದನ್ನು ಒಳಗಿನ ಸೆನ್ಸರ್ ಕಂಡುಹಿಡಿದು, ಎಷ್ಟು ಜೋರಾಗಿ ಕಮ್ಮಿಯಾಯಿತೋ ಅಷ್ಟೇ ಜೋರಾಗಿ ಪೆಡಲ್ ತಳ್ಳುತ್ತದೆ. ಇಂಜಿನ್ ಆಫ್ ಇರುವುದರಿಂದ ಪೆಡಲ್ ಹಗುರ ಮಾಡುವ ಬೂಸ್ಟರ್‌ಗೆ ವ್ಯಾಕ್ಯೂಮ್ ಸಿಗಲ್ಲ. ಎರಡು ಮೂರು ಸಲ ಒತ್ತಿದ ಮೇಲೆ ಪೆಡಲ್ ಗಟ್ಟಿಯಾಗುತ್ತದೆ, ಪೆಟ್ಟಿಗೆಗೆ ಅಷ್ಟು ಬಲ ಇರಬೇಕು. ಬ್ರೇಕ್ ಬಡ್ಡಿ, ಈವನ್ ಬ್ರೇಕ್ ಅನ್ನೋ ಬ್ರ್ಯಾಂಡ್‌ಗಳೆಲ್ಲ ಈ ಜಾತಿಯವು. ಕಾರೊಳಗೇ ಶಾಶ್ವತವಾಗಿ ಕೂರಿಸುವ ಇನ್ವಿಸಿಬ್ರೇಕ್‌ನಂಥವೂ ಇವೆ. ಮೋಟರ್‌ಹೋಮ್‌ಗೆ ಏರ್ ಬ್ರೇಕ್ ಇದ್ದರೆ ಆ ಗಾಳಿಯಿಂದಲೇ ಕೆಲಸ ಮಾಡುವವೂ ಇವೆ.

ನನಗೆ ಶಾಶ್ವತದ್ದೇ ಸರಿ ಅನಿಸಿತು. ಪೆಟ್ಟಿಗೆಯನ್ನು ಪ್ರತಿ ಸಲ ಇಟ್ಟು, ಹೊಂದಿಸಿ, ತೆಗೆಯಬೇಕು. ಹೊಂದಿಸುವಾಗ ಕೈ ಪೆಡಲನ್ನು ಒಂಚೂರು ಒತ್ತಿಕೊಂಡೇ ಇದ್ದರೆ ದಾರಿಯುದ್ದಕ್ಕೂ ಬ್ರೇಕ್ ಉಜ್ಜುತ್ತದೆ. ಹಿಂದಿನ ಕಾರಿನಲ್ಲಿ ಯಾರೂ ಇಲ್ಲವಲ್ಲ, ಪ್ಯಾಡ್ ಸುಟ್ಟ ವಾಸನೆ ಯಾರಿಗೆ ಬರಬೇಕು? ಅದಕ್ಕೆ ಹಿಂದಿನ ಕಾರಿನ ಬ್ರೇಕ್ ಬಿದ್ದಾಗ ಮುಂದಿನ ಡ್ರೈವರ್‌ಗೆ ಗೊತ್ತಾಗುವ ಹಾಗೆ ಒಂದು ಪುಟ್ಟ ಲೈಟ್ ಕೊಟ್ಟಿರುತ್ತಾರೆ.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು ತೆಳ್ಳನೆ ತಂತಿ. ಒಂದು ತುದಿ ಕಾರಿನ ಮೂತಿಯಲ್ಲಿರುವ ಸ್ವಿಚ್ಚಿನ ಪಿನ್ನಿಗೆ, ಇನ್ನೊಂದು ತುದಿ ಮೋಟರ್‌ಹೋಮ್‌ಗೆ. ಬಾರ್ ಮುರಿದು ಕಾರು ಕಳಚಿಕೊಂಡರೆ ತಂತಿ ಪಿನ್ ಕೀಳುತ್ತದೆ, ಕಾರಿನ ಬ್ರೇಕ್ ತಾನಾಗಿಯೇ ಬೀಳುತ್ತದೆ. ಆ ತಂತಿಯನ್ನು ಎಳೆಯುವ ಬಾರ್‌ಗೆ ಕಟ್ಟಬಾರದು, ಮೋಟರ್‌ಹೋಮ್‌ನ ಚಾಸಿಗೇ ಕಟ್ಟಬೇಕು. ಬಾರೇ ಕಳಚಿ ಕಾರಿನ ಜೊತೆ ಹೋದರೆ ತಂತಿ ಎಳೆಯೋರ್ಯಾರು? ಬಾಮೈದನಿಗೆ ಇದನ್ನೇ ಒತ್ತಿ ಒತ್ತಿ ಹೇಳಿದೆ.

ಈ ಯೋಚನೆ ಹೊಸದೇನೂ ಅಲ್ಲ. ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ರೈಲಿಗೆ ಏರ್ ಬ್ರೇಕ್ ಪೇಟೆಂಟ್ ತಗೊಂಡ. ಕೆಲವೇ ವರ್ಷಗಳಲ್ಲಿ ಅದನ್ನು ತಿರುಗಿಸಿ ಹಾಕಿದ. ಪೈಪಿನಲ್ಲಿ ಗಾಳಿ ಇರುವಷ್ಟು ಹೊತ್ತು ಬ್ರೇಕ್ ಬಿಟ್ಟಿರುತ್ತದೆ, ಗಾಳಿ ಹೋದರೆ ಹಿಡಿಯುತ್ತದೆ. ಬೋಗಿ ಕಳಚಿದರೆ ಪೈಪ್ ಹರಿಯುತ್ತದೆ, ಎರಡೂ ತುಂಡು ನಿಲ್ಲುತ್ತವೆ. ನಮ್ಮ ಬೈಪಾಸಿನಲ್ಲಿ ಓಡುವ ದೊಡ್ಡ ಟ್ರೇಲರ್ ಲಾರಿಗಳಲ್ಲೂ ಇದೇ ಲೆಕ್ಕ. ಕ್ಯಾಬಿನ್ ಹಿಂದೆ ಸುರುಳಿ ಸುತ್ತಿಕೊಂಡ ಗಾಳಿ ಪೈಪುಗಳನ್ನು ನೀವು ನೋಡಿರುತ್ತೀರಿ.

ಅಮೆರಿಕದ ಅನೇಕ ರಾಜ್ಯಗಳಲ್ಲಿ 3000 ಪೌಂಡ್, ಅಂದರೆ ಸುಮಾರು 1360 ಕಿಲೋ ದಾಟಿದ ಟ್ರೇಲರ್‌ಗೆ ಸ್ವಂತ ಬ್ರೇಕ್ ಕಡ್ಡಾಯ. ಎಳೆದುಕೊಂಡು ಹೋಗುವ ಕಾರಿಗೂ ಅದು ಅನ್ವಯಿಸುತ್ತಾ ಅನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಯುರೋಪಿನಲ್ಲಿ ಇನ್ನೂ ಬಿಗಿ. 750 ಕಿಲೋ ದಾಟಿದರೆ ಟ್ರೇಲರ್‌ಗೆ ಬ್ರೇಕ್ ಇರಲೇಬೇಕು.

ಈಗ ನಮ್ಮೂರಿಗೆ ಬನ್ನಿ. ಅಲ್ಲಿ ಎಳೆಯುವುದು ಎಂಟು ಟನ್, ಎಳೆಸಿಕೊಳ್ಳುವುದು ಎರಡು ಟನ್. ಆದರೂ ಅಷ್ಟು ಚರ್ಚೆ, ಅಷ್ಟು ಖರ್ಚು. ಇಲ್ಲಿ ಎಳೆಯುವ ಟ್ರ್ಯಾಕ್ಟರ್ ಎರಡು ಟನ್ ಆಸುಪಾಸು. ಹಿಂದಿನ ಕಬ್ಬಿನ ಟ್ರೇಲರ್ ಏಳೆಂಟು ಟನ್ ಸಲೀಸಾಗಿ ದಾಟುತ್ತದೆ. ಕೆಲವರು ಅದರ ಹಿಂದೆ ಇನ್ನೊಂದನ್ನೂ ಕಟ್ಟುತ್ತಾರೆ. ಲೆಕ್ಕ ಪೂರಾ ಉಲ್ಟಾ! ನಿಲ್ಲಿಸುವ ಬ್ರೇಕ್ ಇರುವುದು ಟ್ರ್ಯಾಕ್ಟರಿನ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಬ್ರೇಕ್ ಎಷ್ಟೇ ಹೊಸದಿರಲಿ, ಟೈರು ರಸ್ತೆ ಹಿಡಿದಷ್ಟೇ ಅದರ ಶಕ್ತಿ. ಜಾರೋಕೆ ಶುರುವಾದರೆ ಹಿಂದಿನ ಲೋಡು ಟ್ರ್ಯಾಕ್ಟರನ್ನು ನೂಕಿ ಅಡ್ಡ ತಿರುಗಿಸುತ್ತದೆ.

ಮೊನ್ನೆ ಅಂಗಡಿ ಮುಂದೆ ಒಂದು ಟ್ರ್ಯಾಕ್ಟರ್ ನಿಂತಿತ್ತು. ಕೆಳಗೆ ಬಗ್ಗಿ ನೋಡಿದೆ. ಟ್ರ್ಯಾಕ್ಟರಿನಲ್ಲಿ ಎಡಚಕ್ರಕ್ಕೆ ಒಂದು, ಬಲಚಕ್ರಕ್ಕೆ ಒಂದು ಬ್ರೇಕ್ ಪೆಡಲ್ ಇರುತ್ತದೆ. ರಸ್ತೆಗೆ ಬಂದಾಗ ಎರಡನ್ನೂ ಸೇರಿಸಿ ಲಾಕ್ ಮಾಡೋಕೆ ಒಂದು ಪಟ್ಟಿ ಕೊಟ್ಟಿರುತ್ತಾರೆ. ಆ ಪಟ್ಟಿ ಪಕ್ಕಕ್ಕೆ ಮಡಚಿ ತುಕ್ಕು ಹಿಡಿದಿತ್ತು, ಮೇಲೆ ಕೆಸರು ಒಣಗಿತ್ತು. ಬಲಗಡೆ ಪೆಡಲಿನ ರಬ್ಬರ್ ಪೂರ್ತಿ ಸವೆದಿತ್ತು, ಎಡದ್ದು ಹೊಸದರ ಹಾಗೇ ಇತ್ತು. ಅಂದರೆ ರಸ್ತೆ ಮೇಲೂ ಒಂದೇ ಚಕ್ರದ ಬ್ರೇಕ್ ಹೊಡೀತಿದ್ದಾನೆ.

"ಹೊಲದಾಗೆ ತಿರುಗ್ಸೋಕೆ ಬೇಕಲ್ಲ ಸಾರ್, ಪದೇ ಪದೇ ಯಾರು ಹಾಕಿ ತೆಗೀತಾರೆ?" ಅಂದ ಡ್ರೈವರ್. ಟ್ರೇಲರ್ ಬ್ರೇಕ್ ಬಗ್ಗೆ ಕೇಳಿದರೆ ನಕ್ಕುಬಿಟ್ಟ. "ಟ್ರೇಲರ್‌ಗೆ ಬ್ರೇಕಾ? ಗೇರಲ್ಲೇ ಹಿಡ್ಕೊಂಡು ಇಳಿಸ್ತೀವಿ ಬಿಡ್ರಿ ಸಾರ್."

ಹುಡುಗ ಒಳ್ಳೆಯವನೇ. ಗೇರಲ್ಲಿ ಇಳಿಸ್ತೀನಿ ಅಂದನಲ್ಲ, ಅದೇ ದೊಡ್ಡದು. ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಮಾಡಿ ಇಳಿಸುವವರೂ ಇದ್ದಾರೆ. ಆದರೆ ಗೇರಲ್ಲಿ ಹಿಡಿದರೂ ಆ ಹಿಡಿತ ಬರುವುದು ಅದೇ ಎರಡು ಚಕ್ರದ ಮೂಲಕ ಅಲ್ವಾ?

ರಸ್ತೆಯಲ್ಲಿ ಕೆಟ್ಟು ನಿಂತ ಕಾರು ಎಳೆಯೋದಕ್ಕೂ ಒಂದು ಮಾತು. 1989ರ ರಸ್ತೆ ನಿಯಮಗಳಲ್ಲೇ ಸ್ಪಷ್ಟವಾಗಿತ್ತು. ಎರಡು ಗಾಡಿಗಳ ನಡುವೆ 5 ಮೀಟರ್ ಮೀರಬಾರದು, ಗಂಟೆಗೆ 24 ಕಿಲೋಮೀಟರ್ ದಾಟಬಾರದು, ಮುಂದಿನ ಚಕ್ರಗಳನ್ನು ಕ್ರೇನಿನಿಂದ ಎತ್ತಿರದಿದ್ದರೆ ಹಿಂದಿನ ಗಾಡಿಯಲ್ಲಿ ಲೈಸೆನ್ಸ್ ಇರುವವರು ಕೂತಿರಬೇಕು. ಹೈವೇಯಲ್ಲಿ ಹಗ್ಗ ಕಟ್ಟಿ ಅರವತ್ತರಲ್ಲಿ ಎಳೆಯುವವರನ್ನು ಚಿತ್ರದುರ್ಗದ ಕಡೆ ಹೋಗುವಾಗ ನೋಡುತ್ತಲೇ ಇರುತ್ತೇನೆ. ಹಿಂದೆ ಕೂತವನಿಗೆ ಬ್ರೇಕ್ ಗಟ್ಟಿ, ಪವರ್ ಸ್ಟೇರಿಂಗೂ ಗಟ್ಟಿ. ಅದನ್ನು ಯಾರೂ ಅವನಿಗೆ ಹೇಳಿರಲ್ಲ.

ರೈತನ ಮೇಲೆ ಇನ್ನೊಂದು ಹೊರೆ ಬೇಡ ಅಂತ ನೀವು ಹೇಳಬಹುದು. ಒಪ್ಪುತ್ತೇನೆ. ರೈತನ ಕೈಯಿಂದಲೇ ಕೀಳಬೇಕು ಅಂತ ನಾನೂ ಹೇಳುತ್ತಿಲ್ಲ. ಟ್ರ್ಯಾಕ್ಟರ್, ಉಪಕರಣ ಅಂತ ಸಬ್ಸಿಡಿ ಕೊಡುವಾಗ ಟ್ರೇಲರ್ ಬ್ರೇಕನ್ನೂ ಅದರಲ್ಲಿ ಸೇರಿಸಲಿ. ಸೀಸನ್‌ನಲ್ಲಿ ಕಬ್ಬು ಸಾಗಿಸೋಕೆ ಗಾಡಿ ಕರೆಸುವ ಕಾರ್ಖಾನೆಗಳು ಬ್ರೇಕ್ ಇರುವ ಟ್ರೇಲರ್‌ಗೆ ಟನ್ನಿಗೆ ಇಷ್ಟು ಅಂತ ಜಾಸ್ತಿ ಕೊಡಲಿ. ಮಾರನೇ ವರ್ಷಕ್ಕೆ ಎಲ್ಲರೂ ಹಾಕಿಸುತ್ತಾರೆ, ನೋಡಿ. ಟ್ರ್ಯಾಕ್ಟರ್ ತಗೊಳ್ಳುವಾಗ ಎಷ್ಟು ಎಚ್‌ಪಿ, ಎಷ್ಟು ಟನ್ ಎಳೆಯುತ್ತೆ ಅಂತ ಹತ್ತು ಸಲ ಕೇಳುತ್ತೇವೆ. ಮಾರುವವನೂ ಅದನ್ನೇ ಹೇಳುತ್ತಾನೆ. ಎಳೆದಿದ್ದನ್ನು ನಿಲ್ಲಿಸುತ್ತಾ ಅಂತ ಅವನೂ ಹೇಳಲ್ಲ, ನಾವೂ ಕೇಳಲ್ಲ.

ಈ ಸಲ ಹೊಸ ಟ್ರೇಲರ್ ಮಾಡಿಸುವವರು ಯಾರಾದರೂ ಇದನ್ನು ಓದುತ್ತಿದ್ದರೆ, ವರ್ಕ್‌ಶಾಪಿನಲ್ಲಿ ಆರ್ಡರ್ ಕೊಡುವಾಗಲೇ ಬ್ರೇಕ್ ಡ್ರಮ್ ಇರುವ ಆಕ್ಸಲ್ ಹಾಕಿ ಅಂತ ಹೇಳಿ. ಟ್ರ್ಯಾಕ್ಟರಿನ ಹೈಡ್ರಾಲಿಕ್‌ನಿಂದ ಲೈನ್ ಎಳೆಯಬಹುದಾ, ಏರ್ ಬ್ರೇಕ್ ಕಿಟ್ ಹಾಕಬಹುದಾ ಅಂತ ಅಲ್ಲೇ ಕೇಳಿ. ಸಾದಾ ಆಕ್ಸಲ್ ಕೂರಿಸಿ, ಬಾಡಿ ಕಟ್ಟಿ, ಬಣ್ಣ ಹೊಡೆದ ಮೇಲೆ ಕೇಳಿದರೆ ಪೂರ್ತಿ ಆಕ್ಸಲನ್ನೇ ಬದಲಾಯಿಸಬೇಕು, ಖರ್ಚು ಡಬಲ್. ಟ್ರೇಲರ್‌ಗೆ ಬ್ರೇಕಾ ಅಂತ ವರ್ಕ್‌ಶಾಪಿನವನೂ ನಗಬಹುದು. ನಕ್ಕರೆ ನಗಲಿ, ನೀವು ಮಾತ್ರ ಡ್ರಮ್ ಕೈಗೆ ಬರುವ ತನಕ ಅಡ್ವಾನ್ಸ್ ಕೊಡಬೇಡಿ.