ಯಾರದೋ ದುಡ್ಡು, ಚೇಂಬರ್ ಜಾತ್ರೆ

ಅಮೆರಿಕದ ಅರ್ಕಾನ್ಸಾ ರಾಜ್ಯದ ಹಿರಿಯರು 1874ರಲ್ಲಿ ತಮ್ಮ ರಾಜ್ಯದ ಸಂವಿಧಾನ ಬರೆಯುವ ಹೊತ್ತಿಗಾಗಲೇ ರೈಲು ಕಂಪನಿಗಳಿಗೆ ಸಹಾಯ ಮಾಡಿ ಕೈ ಸುಟ್ಟುಕೊಂಡಿದ್ದರು. ಅದಕ್ಕೇ 12ನೇ ವಿಧಿಯ 5ನೇ ಸೆಕ್ಷನ್‌ನಲ್ಲಿ ಖಡಕ್ಕಾಗಿ ಬರೆದರು: ಯಾವ ನಗರವೂ, ಯಾವ ಕೌಂಟಿಯೂ (ನಮ್ಮ ಜಿಲ್ಲೆಯಂಥದ್ದು), ಯಾವ ಕಂಪನಿಗೂ ಸಂಘಕ್ಕೂ ದುಡ್ಡು ಕೊಡಕೂಡದು.

ಯಾರಿಗಾದರೂ ಅರ್ಥವಾಗುವ ಮಾತು. ರಾಜಧಾನಿ ಲಿಟಲ್ ರಾಕ್‌ನ ನಗರಾಡಳಿತಕ್ಕೆ ಮಾತ್ರ ಆಗಲಿಲ್ಲ. ಅಲ್ಲಿನ ಚೇಂಬರ್ ಆಫ್ ಕಾಮರ್ಸ್‌ಗೆ ಅದು ವರ್ಷಕ್ಕೆ 2 ಲಕ್ಷ ಡಾಲರ್ ಕೊಡುತ್ತಿತ್ತು. ಚೇಂಬರ್ ಅಂದರೆ ಕಂಪನಿಗಳ, ವ್ಯಾಪಾರಿಗಳ ಸಂಘ. ಪಾಪ, ಚಂದಾ ಎತ್ತಲು ಅವರಿಗೆ ಎಷ್ಟು ಕಷ್ಟವೋ! ಯಾಕೆ ಕೊಡುತ್ತೀರಿ ಅಂದರೆ, ಅದು ದಾನವಲ್ಲ, ಆರ್ಥಿಕ ಅಭಿವೃದ್ಧಿಯ ಸೇವೆಗೆ ಕೊಟ್ಟ ಕೂಲಿ ಎಂಬ ಉತ್ತರ. ಏನು ಸೇವೆ, ಎಷ್ಟು ಸೇವೆ ಅಂತೆಲ್ಲ ಕೇಳುವವರು ಅಭಿವೃದ್ಧಿ ವಿರೋಧಿಗಳು, ಅಲ್ವಾ?

ವಿಷಯ ಕೋರ್ಟಿಗೆ ಹೋಯಿತು. 2015ರ ಜನವರಿಯಲ್ಲಿ ಜಡ್ಜ್ ಸಾಹೇಬರು ಈ ಪಾವತಿ ಸಂವಿಧಾನಕ್ಕೆ ವಿರುದ್ಧ ಅಂದರು. ನಾವು ನೀವಾಗಿದ್ದರೆ ಸುಮ್ನೆ ಪಾವತಿ ನಿಲ್ಲಿಸುತ್ತಿದ್ದೆವು. ಶಾಸಕರು ಬುದ್ಧಿವಂತರು. ತಪ್ಪು ಇರುವುದು ಸಂವಿಧಾನದಲ್ಲೇ ಎಂದು ಪತ್ತೆ ಹಚ್ಚಿದರು.

ಅದೇ ವರ್ಷ ಇನ್ನೊಂದು ಪ್ರಸಂಗ. ಸೇನೆಯ ವಾಹನ ತಯಾರಿಸುವ ಗುತ್ತಿಗೆ ಯುದ್ಧ ಸಾಮಗ್ರಿ ತಯಾರಿಸುವ ಲಾಕ್‌ಹೀಡ್ ಮಾರ್ಟಿನ್ ಕಂಪನಿಗೆ ಸಿಗಲಿ, ರಾಜ್ಯದ ಕ್ಯಾಮ್ಡೆನ್ ಊರಲ್ಲಿ ಕೆಲಸ ಹುಟ್ಟಲಿ ಎಂದು ಮೇ ತಿಂಗಳಲ್ಲಿ ವಿಶೇಷ ಅಧಿವೇಶನ ಕರೆದು 8.7 ಕೋಟಿ ಡಾಲರ್ ಬಾಂಡ್‌ಗೆ, ಅಂದರೆ ರಾಜ್ಯ ಎತ್ತುವ ಸಾಲಕ್ಕೆ, ಒಪ್ಪಿಗೆ ಕೊಟ್ಟರು. ಆಗಸ್ಟ್‌ನಲ್ಲಿ ಸೇನೆ ಗುತ್ತಿಗೆಯನ್ನು ವಿಸ್ಕಾನ್ಸಿನ್‌ನ ಆಶ್‌ಕಾಶ್ ಕಂಪನಿಗೆ ಕೊಟ್ಟಿತು. ಕೂಸು ಹುಟ್ಟೋಕೆ ಮುಂಚೆ ಹೊಲಿಸಿದ ಕುಲಾವಿ ಹಾಗೇ ಉಳಿಯಿತು. ಇಂಥ ಬಾಂಡ್‌ಗಳಿಗೆ ರಾಜ್ಯದ ಸಾಮಾನ್ಯ ಆದಾಯದ ಶೇ 5ರ ಮಿತಿ ಇತ್ತು. ಆ ಮಿತಿಗೆ ಶಾಸಕರು ಕಂಡುಕೊಂಡ ಮದ್ದು ಏನು? ಮಿತಿ ತೆಗೆದುಹಾಕಿ!

ಚೇಂಬರ್‌ಗೆ ದುಡ್ಡು ಕೊಡುವ ದಾರಿ, ಬಾಂಡ್ ಮಿತಿ ತೆಗೆಯುವುದು, ಎರಡನ್ನೂ ಒಂದೇ ಗಂಟು ಕಟ್ಟಿ 2016ರ ನವೆಂಬರ್‌ನಲ್ಲಿ ಇಶ್ಯೂ 3 ಎಂಬ ಸಂವಿಧಾನ ತಿದ್ದುಪಡಿಯಾಗಿ ಮತಪತ್ರಕ್ಕೆ ಹಾಕಿದರು. ಹೆಸರಿನಲ್ಲಿ ಉದ್ಯೋಗ ಸೃಷ್ಟಿ ಇತ್ತು, ಉದ್ಯೋಗ ವಿಸ್ತರಣೆ ಇತ್ತು, ಆರ್ಥಿಕ ಅಭಿವೃದ್ಧಿಯೂ ಇತ್ತು. ಚೇಂಬರ್ ಮಾತ್ರ ಇರಲಿಲ್ಲ. ಟ್ರಂಪ್‌ಗೋ ಹಿಲರಿಗೋ ಎಂದು ತಲೆ ಕೆಡಿಸಿಕೊಂಡು ಬಂದ ಮತದಾರ, ಉದ್ಯೋಗ ಬೇಡ ಅನ್ನುತ್ತಾನೆಯೇ? ಸುಮಾರು ಶೇ 65 ಜನ ಹೌದು ಅಂದರು.

ದುಡ್ಡು ಕೊಡಕೂಡದು ಎಂಬ 1874ರ ಸಾಲನ್ನು ಯಾರೂ ಅಳಿಸಲಿಲ್ಲ. ಹಿರಿಯರ ಮೇಲೆ ಅಷ್ಟು ಗೌರವ! ಆರ್ಥಿಕ ಅಭಿವೃದ್ಧಿಗಾದರೆ ಕೊಡಬಹುದು ಎಂದು ಕೆಳಗೆ ಸೇರಿಸಿದರು, ಅಷ್ಟೇ. ಇನ್ನು ಮುಂದೆ ಯಾವುದಾದರೂ ಕಂಪನಿ ಬಂದು, ನಮ್ಮಿಂದ ಅಭಿವೃದ್ಧಿ ಏನೂ ಆಗೋದಿಲ್ಲ, ಆದರೂ ದುಡ್ಡು ಕೊಡಿ ಎಂದು ಅರ್ಜಿ ಹಾಕಿದರೆ, ನಗರಾಡಳಿತ ಕಟ್ಟುನಿಟ್ಟಾಗಿ ಇಲ್ಲ ಅನ್ನಬೇಕಾಗುತ್ತದೆ.