ಬಂದ ಉದ್ದೇಶ: ಬೆಂಕಿ

"ಯಾವ ಫ್ಲ್ಯಾಟಿಗ್ರೀ ಸರ?"

ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಹುಡುಗ ಹೀಗೆ ಕೇಳಿದ್ದು ಕೊರಿಯರ್‌ನವನನ್ನಲ್ಲ, ಬಿರಿಯಾನಿ ತಂದವನನ್ನೂ ಅಲ್ಲ. ಫೈರ್ ಇಂಜಿನ್ನಿನವರನ್ನು. ಗೇಟಿನ ಎದುರು ಲಾರಿಯಷ್ಟು ದೊಡ್ಡ ಕೆಂಪು ಗಾಡಿ ನಿಂತಿದೆ. ತಲೆಯ ಮೇಲೆ ಏಣಿ ಇದೆ. ಒಳಗೆ ಆರು ಜನ ಹೆಲ್ಮೆಟ್ ಹಾಕಿಕೊಂಡು ಕೂತಿದ್ದಾರೆ. ಆದರೂ ಯಾವ ಫ್ಲ್ಯಾಟಿಗೆ ಅಂತ ಕೇಳಲೇಬೇಕು, ಅದು ರೂಲ್ಸು.

ರಾಯಚೂರು ಕಡೆಯ ಆ ಹುಡುಗನ ತಪ್ಪೇನಿಲ್ಲ. ಅವನ ಮೊಬೈಲಿನ ಆ್ಯಪ್‌ನಲ್ಲಿ ಇರುವುದು ನಾಲ್ಕೇ ಬಟನ್. ಡೆಲಿವರಿ, ಕ್ಯಾಬ್, ಅತಿಥಿ, ಮನೆಕೆಲಸ. ಬೆಂಕಿಗೆ ಬಟನ್ ಇಲ್ಲ. ಅವನು ಸ್ವಲ್ಪ ಯೋಚಿಸಿ 'ಅತಿಥಿ' ಒತ್ತಿದ. ಯಾರ ಮನೆಗೆ ಎಂದು ಆ್ಯಪ್ ಕೇಳಿತು. ಎಲ್ಲರ ಮನೆಗೂ ಎನ್ನುವ ಸೌಲಭ್ಯ ಅದರಲ್ಲಿಲ್ಲ. ಸೆಕ್ರೆಟರಿಯವರ ಮನೆ ನಂಬರ್ ಹಾಕಿದ. ಸೆಕ್ರೆಟರಿ ವಾಕಿಂಗ್ ಹೋಗಿದ್ದರು. ಅವರ ಮನೆಯವರು ಪೂಜೆಯ ಮಧ್ಯೆ ಫೋನ್ ನೋಡಿ, "ನಾವೇನೂ ಆರ್ಡರ್ ಮಾಡಿಲ್ವಲ್ಲ" ಎಂದು ರಿಜೆಕ್ಟ್ ಒತ್ತಿದರು.

ಗಾಬರಿಯಾಗಬೇಡಿ, ಎಲ್ಲೂ ಬೆಂಕಿ ಬಿದ್ದಿರಲಿಲ್ಲ. ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹತ್ತಿಯನ್ನೂ ಸ್ಫೋಟಕವನ್ನೂ ಒಟ್ಟಿಗೆ ತುಂಬಿಕೊಂಡಿದ್ದ ಹಡಗೊಂದು ಸಿಡಿಯಿತು. ಬೆಂಕಿ ಆರಿಸಲು ಹೋಗಿದ್ದ 60ಕ್ಕೂ ಹೆಚ್ಚು ಅಗ್ನಿಶಾಮಕರು ಸತ್ತರು. ಅವರ ನೆನಪಿಗೆ ಈ ವಾರ. ನಮ್ಮ ಅಸೋಸಿಯೇಷನ್ನಿನವರು ಅಣಕು ಕಾರ್ಯಾಚರಣೆ ಮಾಡಿ ತೋರಿಸಿ ಎಂದು ಪತ್ರ ಬರೆದು, ಬ್ಯಾನರ್ ಕಟ್ಟಿಸಿ, ಉಪ್ಪಿಟ್ಟು ಕೇಸರಿಬಾತ್ ಹೇಳಿದ್ದರು. ಗೇಟಿಗೆ ಹೇಳುವುದೊಂದು ಮರೆತಿತ್ತು.

ಆ್ಯಪ್ ಒಪ್ಪದೆ ಹೋದಾಗ ನಮ್ಮಲ್ಲಿ ರಿಜಿಸ್ಟರ್ ಇದೆ. ಹೆಸರು, ಫೋನ್ ನಂಬರ್, ಗಾಡಿ ನಂಬರ್, ಬಂದ ಉದ್ದೇಶ, ಯಾರನ್ನು ಕಾಣಬೇಕು, ಬಂದ ಸಮಯ, ಹೋದ ಸಮಯ, ಕೊನೆಗೆ ಷರಾ. ಗಾಡಿಯಿಂದ ಇಳಿದ ಠಾಣಾಧಿಕಾರಿಗಳು ತಲೆ ನರೆತ, ನಿಧಾನದ ಮನುಷ್ಯ. ತುಟಿ ಪಿಟಕ್ಕೆನ್ನದೆ ದಾರ ಕಟ್ಟಿದ ಪೆನ್ನು ಹಿಡಿದು ಬರೆದರು. ಬಂದ ಉದ್ದೇಶ: ಬೆಂಕಿ. ಯಾರನ್ನು ಕಾಣಬೇಕು: ಬೆಂಕಿ. ಬಂದ ಸಮಯ: 10-40.

ಗೇಟು ತೆರೆಯಿತು. ಆದರೆ ಗೇಟು ತೆರೆದರೆ ದಾರಿ ಸಿಕ್ಕಿತು ಎಂದು ಅರ್ಥವಲ್ಲ. ಎತ್ತರದ ಕಟ್ಟಡದ ಸುತ್ತ ಬೆಂಕಿ ಗಾಡಿ ಓಡಾಡಲು 6 ಮೀಟರ್ ಜಾಗ ಬಿಡಬೇಕು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ನಮ್ಮಲ್ಲೂ ಬಿಟ್ಟಿದ್ದಾರೆ, ನಕ್ಷೆಯಲ್ಲಿ ಇವತ್ತಿಗೂ ಇದೆ. ಖಾಲಿ ಜಾಗ ಸುಮ್ನೆ ಬಿದ್ದಿರುವುದು ನಮಗೆ ನೋಡಲಾಗುವುದಿಲ್ಲ ಅಲ್ವಾ? ಹಳದಿ ಗೆರೆ ಎಳೆದು, ನಂಬರ್ ಬರೆದು, ಎರಡನೇ ಕಾರಿದ್ದವರಿಗೆ ತಿಂಗಳ ಬಾಡಿಗೆಗೆ ಕೊಟ್ಟಿದ್ದೇವೆ. 17ನೇ ನಂಬರಿನಲ್ಲಿ ಕವರ್ ಹೊದ್ದ ಕಾರೊಂದು ನಿಂತಿತ್ತು. ಓನರ್ ದುಬೈನಲ್ಲಿದ್ದಾರೆ. ಕಾರು ತಳ್ಳೋಣ ಎಂದರೆ ಹ್ಯಾಂಡ್‌ಬ್ರೇಕ್ ಹಾಕಿದೆ. ಆರು ಜನ ಅಗ್ನಿಶಾಮಕರು, ನಾಲ್ಕು ಜನ ಸೆಕ್ಯುರಿಟಿ ಸೇರಿ ಅದನ್ನು ಹಿಂದಿನಿಂದ ಎತ್ತಿ ಎತ್ತಿ ಪಕ್ಕಕ್ಕಿಟ್ಟರು. ಅಣಕು ಕಾರ್ಯಾಚರಣೆಯ ಮೊದಲ ರಕ್ಷಣೆ ಅದೇ ಎಂದುಕೊಂಡು ಮಕ್ಕಳು ಚಪ್ಪಾಳೆ ಹೊಡೆದರು.

ಅಷ್ಟರಲ್ಲಿ ಅಧ್ಯಕ್ಷರು ಹಾರ ಹಿಡಿದು ಬಂದರು. ಅವರಿಗೆ ಬೆಂಕಿಯ ಭಯ ಎಳ್ಳಷ್ಟೂ ಇಲ್ಲ. ಬೆಂಗಳೂರಿಗೆ 90 ಮೀಟರ್ ಏಣಿಯ ಗಾಡಿ ಬಂದಾಗಿನಿಂದ ಆ ಧೈರ್ಯ. "ನಮ್ಮದು ಹನ್ನೆರಡೇ ಮಹಡಿ ಸಾರ್, ನಿಮ್ಮ ಏಣಿಗೆ ಯಾವ ಲೆಕ್ಕ!" ಎಂದರು. ಠಾಣಾಧಿಕಾರಿಗಳು ಹೊರಗಿನ ಕ್ರಾಸ್ ರಸ್ತೆಯನ್ನೊಮ್ಮೆ ನೋಡಿದರು. ಎರಡೂ ಬದಿಗೆ ಕಾರು, ತಲೆಯ ಮಟ್ಟಕ್ಕೆ ಜೋತುಬಿದ್ದ ಕೇಬಲ್ಲು, ಮೂಲೆಯಲ್ಲಿ ಎಳನೀರಿನ ಗಾಡಿ. "ಆ ಗಾಡಿ ಇಲ್ಲಿ ತಿರುಗಬೇಕಲ್ಲ ಸಾರ್" ಎಂದು ಮೆಲ್ಲಗೆ ಹೇಳಿದರು.

ಇನ್ನು ನೀರು. ಇದನ್ನು ಕೊಂಚ ವಿವರವಾಗಿ ಹೇಳಬೇಕು. ಇಂಥ ಗಾಡಿಯಲ್ಲಿ ಸುಮಾರು 4,500 ಲೀಟರ್ ನೀರಿರುತ್ತದಂತೆ. ಪೂರ್ತಿ ಜೋರಿನಲ್ಲಿ ಬಿಟ್ಟರೆ ಕೆಲವೇ ನಿಮಿಷ. ಅದಕ್ಕೇ ದೊಡ್ಡ ಕಟ್ಟಡಗಳಲ್ಲಿ ಬೆಂಕಿಗೆಂದೇ ಬೇರೆ ಸಂಪು, ಬೇರೆ ಪಂಪು, ಮೇಲಿನವರೆಗೆ ಕೆಂಪು ಪೈಪು ಇಡುತ್ತಾರೆ. ನಮ್ಮಲ್ಲೂ ಎಲ್ಲ ಇದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿಲ್ಲದಾಗ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿತು. ನಾವು ಕಾನೂನಿಗೆ ತಲೆಬಾಗುವ ಜನ. ಕುಡಿಯುವ ನೀರು ಮುಟ್ಟಲಿಲ್ಲ. ಬೆಂಕಿ ಆರಿಸುವ ನೀರಲ್ಲಿ ತೊಳೆದೆವು. ತಾತ್ಕಾಲಿಕ ಎಂದು ಮೀಟಿಂಗಿನಲ್ಲಿ ಬರೆದುಕೊಂಡಿದ್ದೇವೆ. ಆ ತಾತ್ಕಾಲಿಕ ಪೈಪಿಗೆ ಹೋದ ತಿಂಗಳು ಹೊಸ ನಲ್ಲಿ ಹಾಕಿಸಿದೆವು.

ಪಂಪಿನ ಕಥೆ ಚಿಕ್ಕದು. ಪೈಪಿನಲ್ಲಿ ಪ್ರೆಷರ್ ಇಳಿದರೆ ಅದು ತಾನಾಗಿ ಓಡಬೇಕು. ರಾತ್ರಿ ಹೊತ್ತು ತಾನಾಗಿ ಓಡಿ ನಿದ್ದೆ ಕೆಡಿಸುತ್ತದೆ ಎಂದು ನೆಲಮಹಡಿಯವರು ಆಫ್ ಮಾಡಿಸಿದ್ದಾರೆ.

ಗಾಡಿಯಿಂದ ಕಟ್ಟಡದ ಪೈಪಿಗೆ ನೀರು ತುಂಬುವ ಬಾಯಿ ಎಲ್ಲಿದೆ ಎಂದು ಠಾಣಾಧಿಕಾರಿಗಳು ಕೇಳಿದರು. ಯಾರಿಗೂ ಗೊತ್ತಿಲ್ಲ. ಹತ್ತು ನಿಮಿಷ ಹುಡುಕಿದ ಮೇಲೆ ಸಿಕ್ಕಿತು. ಕಾಂಪೌಂಡಿನ ಪಕ್ಕ, ಮನಿಪ್ಲಾಂಟ್ ಬಳ್ಳಿಯ ಹಿಂದೆ. ಯಾರೋ ಪುಣ್ಯಾತ್ಮರು ಅದರ ಎರಡು ಬಾಯಿಗೂ ಎರಡು ಹೂಕುಂಡ ಕಟ್ಟಿ ತೂಗುಹಾಕಿದ್ದರು. ಹೋದ ವರ್ಷದ ಗಾರ್ಡನ್ ಸ್ಪರ್ಧೆಯಲ್ಲಿ ಆ ಮೂಲೆಗೇ ಎರಡನೇ ಬಹುಮಾನ ಬಂದಿತ್ತು.

ಒಳಗೆ ಬಂದರು. ಲಿಫ್ಟಿನ ಪಕ್ಕದ ಕೆಂಪು ಪೆಟ್ಟಿಗೆ ತೆಗೆದರು. ಅದರಲ್ಲಿ ಹೋಸ್ ಪೈಪು ಇರಬೇಕು, ತುದಿಗೆ ಹಿತ್ತಾಳೆಯ ನಳಿಕೆ ಇರಬೇಕು. ಇದ್ದದ್ದು ಪೊರಕೆ, ಫಿನಾಯಿಲ್ ಬಾಟ್ಲಿ, ಒಂದು ಊಟದ ಡಬ್ಬಿ. ಕಸ ಗುಡಿಸುವ ಅಮ್ಮ ಓಡಿ ಬಂದು ಡಬ್ಬಿ ಎತ್ತಿಕೊಂಡರು. "ಇಡೀ ಬಿಲ್ಡಿಂಗ್‌ನಲ್ಲಿ ಬೀಗ ಹಾಕದೆ ಇರೋ ಜಾಗ ಇದೊಂದೇ ಸಾರ್" ಎಂದರು. ನಳಿಕೆಗಳು ಎಲ್ಲಿ? ಅಧ್ಯಕ್ಷರು ಎದೆಯುಬ್ಬಿಸಿದರು. "ಹಿತ್ತಾಳೆ ನೋಡಿ ಸಾರ್, ಕದಿಯೋರು ಜಾಸ್ತಿ. ಅದಕ್ಕೇ ಎಲ್ಲವನ್ನೂ ಬಿಚ್ಚಿಸಿ ಆಫೀಸಿನ ಬೀರುವಿನಲ್ಲಿ ಇಟ್ಟಿದ್ದೀವಿ. ಹನ್ನೆರಡಕ್ಕೆ ಹನ್ನೆರಡೂ ಭದ್ರವಾಗಿವೆ." ಬೀರುವಿನ ಕೀ ಖಜಾಂಚಿಯ ಹತ್ತಿರ. ಖಜಾಂಚಿ ಶಿರಸಿಯಲ್ಲಿ, ಭಾವನ ಮಗನ ಉಪನಯನಕ್ಕೆ.

ಪಕ್ಕದಲ್ಲೇ ಬೆಂಕಿ ಆರಿಸುವ ಸಿಲಿಂಡರ್ ಇತ್ತು. ನಮ್ಮ ಶ್ರದ್ಧೆಗೆ ಅದೇ ಸಾಕ್ಷಿ. ಪ್ರತಿ ಆಯುಧಪೂಜೆಗೂ ಮೂರು ಪಟ್ಟೆ ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲೆ ತಪ್ಪಿಸಿಲ್ಲ. ಠಾಣಾಧಿಕಾರಿಗಳು ಕರ್ಚೀಫಿನಿಂದ ಗಡಿಯಾರದಂಥ ಆ ಚಿಕ್ಕ ಮೀಟರನ್ನು ಒರೆಸಿದರು. ಮುಳ್ಳು ಕೆಂಪಿನಲ್ಲಿ ನಿಂತಿತ್ತು. ಆ ಕೆಂಪು ಕುಂಕುಮದ್ದೇ ಎಂದು ನಾವು ಇಷ್ಟು ವರ್ಷ ತಿಳಿದಿದ್ದೆವು.

ಮರಳಿನ ಬಕೆಟ್ಟಿನ ವಿಷಯ ಬಿಡಿ. ಅದರಲ್ಲಿ ಲೋಳೆಸರ ಚೆನ್ನಾಗಿ ಬಂದಿದೆ.

ಆಮೇಲೆ ಮೆಟ್ಟಿಲು. ಬೆಂಕಿ ಬಿದ್ದರೆ ಲಿಫ್ಟ್ ಬಳಸಬಾರದು, ಮೆಟ್ಟಿಲಲ್ಲೇ ಇಳಿಯಬೇಕು ಎಂದು ಮಕ್ಕಳಿಗೆ ಹೇಳುತ್ತ ಅವರು ಹತ್ತತೊಡಗಿದರು. ಮೊದಲ ಮಹಡಿಯಲ್ಲಿ ಹಳೆಯ ವಾಷಿಂಗ್ ಮೆಷಿನ್. ಎರಡನೆಯದರಲ್ಲಿ ಗಣಪತಿ ಮಂಟಪದ ಥರ್ಮಾಕೋಲು, ಬೆಂಕಿಗೆ ಹಬ್ಬದೂಟ. ಮೂರನೆಯದರಲ್ಲಿ ಚಪ್ಪಲಿ ಸ್ಟ್ಯಾಂಡು, ಮಕ್ಕಳ ಸೈಕಲ್ಲು, ಸುತ್ತಿಟ್ಟ ಹತ್ತಿ ಹಾಸಿಗೆ. ಮೆಟ್ಟಿಲಿನ ಬಾಗಿಲಿಗೆ ಒಂದು ರುಬ್ಬುಗುಂಡು ಅಡ್ಡ ಇಟ್ಟು, ಅದು ಮುಚ್ಚದಂತೆ ಮಾಡಿದ್ದರು.

ಠಾಣಾಧಿಕಾರಿಗಳು ಅಲ್ಲಿ ನಿಂತರು. "ಬೆಂಕಿಗಿಂತ ಮುಂಚೆ ಹೊಗೆ ಬರುತ್ತೆ. ಈ ಬಾಗಿಲು ತಾನಾಗಿ ಮುಚ್ಚಿಕೊಂಡರೆ ಮೆಟ್ಟಿಲು ಉಳಿಯುತ್ತೆ. ತೆಗೆದಿಟ್ಟರೆ ಇಡೀ ಮೆಟ್ಟಿಲೇ ಒಲೆ ಮೇಲಿನ ಚಿಮಣಿ. ಮೇಲಿನವರು ಇಳಿದು ಬರೋದು ಚಿಮಣಿ ಒಳಗೆ. ಮುಚ್ಚಿರಬೇಕು, ಬೀಗ ಇರಬಾರದು. ಅಷ್ಟೇ." ಎಂದು ಗುಂಡಿನ ಕಡೆ ಬೆರಳು ತೋರಿಸಿದರು. "ಇದು ಯಾರದ್ದು?"

ಎಲ್ಲರೂ ಛಾವಣಿ ನೋಡಿದರು. ನಾನೂ ನೋಡಿದೆ. ಗುಂಡು ನಮ್ಮ ಅಜ್ಜಿಯ ಕಾಲದ್ದು, ಒರಳು ಊರಲ್ಲೇ ಉಳಿದಿದೆ. ಮಧ್ಯಾಹ್ನ ಆ ಬಾಗಿಲು ತೆಗೆದಿಟ್ಟರೆ ನಮ್ಮ ಹಾಲಿಗೆ ಒಳ್ಳೆ ಗಾಳಿ ಬರುತ್ತದೆ.

ತಾರಸಿಯ ಬಾಗಿಲ ಮೇಲೆ ಹಸಿರು ಬೋರ್ಡು. ಅದರಲ್ಲಿ ಓಡುತ್ತಿರುವ ಮನುಷ್ಯ. ಅವನು ಓಡುವ ದಿಕ್ಕಿಗೆ ಸರಿಯಾಗಿ ಒಂದು ಬೀಗ, ಗಟ್ಟಿಮುಟ್ಟಾದ ಏಳು ಲಿವರಿನದು. ಕಾರಣ ಕೇಳಿದರೆ ಒಬ್ಬೊಬ್ಬರದು ಒಂದೊಂದು. ಹುಡುಗರು ಸಿಗರೇಟು ಸೇದುತ್ತಾರೆ. ಯಾರೋ ಸಂಡಿಗೆ ಕದ್ದರು. ಕೀ ಎಲ್ಲಿ? ಬೀರುವಿನಲ್ಲಿ. ಬೀರುವಿನ ಕೀ ಶಿರಸಿಯಲ್ಲಿ.

ಇಲ್ಲಿ ಮಾತ್ರ ಯಾರಿಗೂ ನಗು ಬರಲಿಲ್ಲ. ನಮ್ಮಲ್ಲಿ ವಯಸ್ಸಾದವರಿಗೆ ನೆನಪಿತ್ತು. 2010ರ ಫೆಬ್ರವರಿ 23, ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್. ಒಂಬತ್ತು ಜನ ಸತ್ತರು. ಹೊಗೆ ತಡೆಯಲಾಗದೆ ಕೆಲವರು ಕಿಟಕಿಯಿಂದ ಹಾರಿದರು. ಹೊರಗೆ ಹೋಗುವ ದಾರಿಗಳಿಗೆ ಬೀಗ ಬಿದ್ದಿತ್ತು. ಅಲ್ಲಿನ ಬೀಗವೂ ಕಳ್ಳರಿಗೇ ಹಾಕಿದ್ದಿರಬೇಕು. ಕಳ್ಳ ಬರದೆ ಹೊಗೆ ಬಂದರೆ ಏನು ಮಾಡಬೇಕೆಂದು ಬೀಗಕ್ಕೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಕೆಳಗಿಳಿದು ಉಪ್ಪಿಟ್ಟು ತಿಂದೆವು. ಚಿಕ್ಕ ವಯಸ್ಸಿನ ಅಗ್ನಿಶಾಮಕನೊಬ್ಬ ನನ್ನ ಪಕ್ಕ ಕೂತಿದ್ದ. ದಿನಾ ಬೆಂಕಿಯೇ ಇರುತ್ತದಾ ಎಂದು ಕೇಳಿದೆ. ನಕ್ಕ. ಒಲೆ ಮೇಲೆ ಹಾಲಿಟ್ಟು, ಕೀ ಒಳಗೆ ಬಿಟ್ಟು, ಬಾಗಿಲು ಎಳೆದುಕೊಂಡು ಹೋದವರದ್ದೇ ಎಷ್ಟೋ ಕಾಲ್ ಬರುತ್ತವಂತೆ. ಬೆರಳಿಗೆ ಸಿಕ್ಕಿಕೊಂಡ ಉಂಗುರ ಕತ್ತರಿಸಿಕೊಂಡು ಹೋಗಲು ಠಾಣೆಗೇ ಬರುವವರಿದ್ದಾರೆ. ಗಾಳಿಪಟದ ದಾರಕ್ಕೆ ಸಿಕ್ಕ ಹದ್ದು, ಬಾವಿಗೆ ಬಿದ್ದ ಹಸು, ಲಿಫ್ಟಿನಲ್ಲಿ ಸಿಕ್ಕ ಮಾವ. ಗಣ್ಯರ ಹೆಲಿಕಾಪ್ಟರ್ ಇಳಿಯುವ ಮೈದಾನದಲ್ಲೂ ಒಂದು ಗಾಡಿ ನಿಂತಿರಬೇಕು. "ನೀರಿಗೆ ಬೆಂಕಿ ಬಿದ್ದರೂ ನಾವೇ ಹೋಗಬೇಕು ಸಾರ್" ಎಂದ. ನಾನು ತಮಾಷೆ ಎಂದುಕೊಂಡೆ. ಆಮೇಲೆ ಬೆಳ್ಳಂದೂರು ಕೆರೆ ನೆನಪಾಯಿತು. 2018ರ ಜನವರಿಯಲ್ಲಿ ಅದು ಹತ್ತಿ ಉರಿದಾಗ ಇವರ ಜತೆ ಸೇನೆಯವರೂ ಇಳಿಯಬೇಕಾಯಿತು. ಕೆರೆಗೆ ಬೆಂಕಿ ಹಚ್ಚಿದ ಊರಿನವರು ನಾವು, ಅಪಾರ್ಟ್‌ಮೆಂಟ್ ಯಾವ ಮಹಾ!

"ಲೇಟಾಗಿ ಬಂದಿರಿ ಅಂತ ಬೈತಾರಲ್ಲ?" ಎಂದೆ.

"ಬೈಯೋರು ಸಾಮಾನ್ಯವಾಗಿ ದಾರೀಲಿ ಕಾರು ನಿಲ್ಲಿಸಿದೋರೇ ಸಾರ್" ಎಂದು ಇನ್ನೊಂದು ಸ್ಪೂನ್ ಕೇಸರಿಬಾತ್ ಹಾಕಿಸಿಕೊಂಡ.

ಅಧ್ಯಕ್ಷರು ಮೈಕ್ ಹಿಡಿದರು. "ನಮ್ಮ ಸೆಕ್ಯುರಿಟಿ ಎಷ್ಟು ಟೈಟ್ ಅನ್ನೋದು ಇವತ್ತು ಗೊತ್ತಾಯ್ತು. ಸಾಕ್ಷಾತ್ ಫೈರ್ ಇಂಜಿನ್ನೇ ನಮ್ಮ ಬ್ಲಾಕ್ ತಲುಪೋಕೆ 25 ನಿಮಿಷ ತಗೊಂಡಿದೆ. ಇನ್ನು ಕಳ್ಳರ ಗತಿ ಏನು!" ಚಪ್ಪಾಳೆ ಜೋರಾಗಿಯೇ ಬಿತ್ತು. ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಮಾತ್ರ ಎರಡು ದೂರು ಬಂದಿದ್ದವು. ಸೈರನ್ನಿನಿಂದ ಮಗು ಎದ್ದಿದೆ ಎಂದು ಒಂದು, 17ನೇ ನಂಬರಿನ ಕಾರು ಓರೆಯಾಗಿ ನಿಂತಿದೆ ಎಂದು ಇನ್ನೊಂದು.

ಹಾರ ಹಾಕುವಷ್ಟರಲ್ಲಿ ಗಾಡಿಯ ವೈರ್‌ಲೆಸ್ ಕರಕರ ಎಂದಿತು. ಎಲ್ಲೋ ಗುಜರಿ ಗೋಡೌನಿಗೆ ಬೆಂಕಿ. ಕೇಸರಿಬಾತ್ ತಟ್ಟೆಗಳು ಇದ್ದಲ್ಲೇ ಉಳಿದವು. ಒಂದು ನಿಮಿಷದೊಳಗೆ ಆರೂ ಜನ ಗಾಡಿಯಲ್ಲಿ. ಹಿಂದೆ ನೋಡಿದರೆ, ಡ್ರಿಲ್ ನೋಡಲು ಬಂದ ಪಕ್ಕದ ಅಪಾರ್ಟ್‌ಮೆಂಟಿನವರು ಗೇಟಿಗೆ ಅಡ್ಡ ಸ್ಕೂಟರ್ ಸಾಲು ನಿಲ್ಲಿಸಿದ್ದಾರೆ. "ಐದೇ ನಿಮಿಷ ಸಾರ್, ತೆಗೀತೀವಿ" ಎಂದು ಮೂರು ಜನ ಒಟ್ಟಿಗೆ ಕೂಗಿದರು. ಅಂತೂ ಗಾಡಿ ಹೊರಬಿತ್ತು.

ಹಿಂದೆಯೇ ಸೆಕ್ಯುರಿಟಿ ಹುಡುಗ ರಿಜಿಸ್ಟರ್ ಹಿಡಿದು ಓಡಿದ. "ಸರ, ಹೋದ ಟೈಮ್ ಬರದಿಲ್ರೀ!" ಸೈರನ್ನಿನಲ್ಲಿ ಯಾರಿಗೆ ಕೇಳಬೇಕು. ತಿರುಗಿ ಬಂದು ಏದುಸಿರು ಬಿಡುತ್ತ ಸ್ಟೂಲಿನ ಮೇಲೆ ಕೂತ. ಗಡಿಯಾರ ನೋಡಿ ತಾನೇ 11-52 ಎಂದು ಬರೆದ. ಷರಾ ಕಾಲಂ ಖಾಲಿ ಬಿಟ್ಟರೆ ಸೂಪರ್‌ವೈಸರ್ ಬೈಯುತ್ತಾನೆ. ಪೆನ್ನು ಕಚ್ಚಿಕೊಂಡು, ಬಂದ ಉದ್ದೇಶ ಏನಿತ್ತು, ಯಾರನ್ನು ಕಾಣಬೇಕಿತ್ತು ಎಂದು ಇನ್ನೊಮ್ಮೆ ಓದಿದ. ಆಮೇಲೆ ದುಂಡಗೆ ಬರೆದ:

'ಇರಲಿಲ್ಲ. ಮತ್ತೆ ಬರಲು ತಿಳಿಸಿದೆ.'